ನಿಮಗಿದು ಗೊತ್ತೆ? ಮಳೆಗಾಲದಲ್ಲಿ ಕವಳ ಹೆಚ್ಚು ಹಿಡಿಸುವುದೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಎಲೆ-ಅಡಿಕೆಯ ಕವಳದ ಹರಿವಾಣ ಜಗಲಿ ಬಿಟ್ಟು ಏಳುವುದಿಲ್ಲ. ಇದು ಬರೀ ಹೊತ್ತು ಕಳೆಯುವ ಮಾತಲ್ಲ. ಅಡಿಕೆಯಲ್ಲಿರುವ ಅರಿಕೋಲಿನ್ ಮತ್ತಿತರ ಅಂಶಗಳು ಸುಣ್ಣದ ಜೊತೆ ಸೇರಿ ಬೇಗ ಮೈಗೆ ಹತ್ತುತ್ತವೆ. ಜಗಿದ ಕೆಲವೇ ನಿಮಿಷಗಳಲ್ಲಿ ಮುಖ, ಕಿವಿ ಬಿಸಿಯಾಗುತ್ತವೆ, ಹಣೆಯಲ್ಲಿ ಸಣ್ಣಗೆ ಬೆವರೊಡೆಯುತ್ತದೆ. ಥಂಡಿ ದಿನ ಹಿತವೆನಿಸುವ ಈ ಕಾವೇ ಏಪ್ರಿಲ್ ಮಧ್ಯಾಹ್ನ ಬೇಡವೆನಿಸುತ್ತದೆ.

ಕವಳಕ್ಕೆ ಸೇರುವ ಹೊಗೆಸೊಪ್ಪಿಗೆ ಮಾತ್ರ ಮಳೆಗಾಲ ಆಗಿಬರುವುದಿಲ್ಲ. ಗಾಳಿಯ ತೇವವನ್ನೆಲ್ಲ ಹೀರುವ ಎಲೆ ಅದು. ಸಿಗಾರ್ ಪ್ರಿಯರು ಶೇ 65ರಿಂದ 70ರಷ್ಟು ತೇವಾಂಶವಿರುವ ಪೆಟ್ಟಿಗೆಯಲ್ಲಿ ಅದನ್ನು ಜೋಪಾನ ಮಾಡುತ್ತಾರೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳ ತೇವಾಂಶ ಶೇ 90 ದಾಟುವುದು ಸಾಮಾನ್ಯ. ಹಾಗೇ ಇಟ್ಟರೆ ಹೊಗೆಸೊಪ್ಪು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಬೀಡಿ ಎಷ್ಟು ಎಳೆದರೂ ಕೆಂಡ ನಿಲ್ಲುವುದಿಲ್ಲ. ಒಲೆಯ ಬೆಚ್ಚನೆ ಪಕ್ಕವೇ ಅದಕ್ಕೆ ಸರಿಯಾದ ಜಾಗ.

ಹೊಗೆಸೊಪ್ಪಿನಿಂದ ರಕ್ತ ಸೇರಿದ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುತ್ತದೆ. ರಾತ್ರಿಯಿಡೀ ಬಿಡುವು ಸಿಕ್ಕ ಮಿದುಳಿಗೆ ಬೆಳಗಿನ ಮೊದಲ ಕವಳವೇ ಜೋರಾಗಿ ತಟ್ಟುವುದು ಇದರಿಂದಲೇ. ಚಳಿಗಾಲದ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತವರಿಗೆ ಕವಳ ನಿದ್ದೆ ತಡೆಯುವ ಮದ್ದು.

ಆದರೆ ಬಾಯಿ ಕ್ಯಾನ್ಸರಿಗೆ ಋತುಮಾನವಿಲ್ಲ. ಹೊಗೆಸೊಪ್ಪಿನ ಕವಳ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲೇ ಹೇಳಿತ್ತು. 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು.