ಚಳಿಗಾಳಿಯಿಂದ ಬಿಸಿ ತರುವ ಪಂಪು

ಮಕ್ಕಳೇ, ಫ್ರಿಜ್ಜಿನ ಹಿಂಬದಿಗೆ ಕೈ ಒಡ್ಡಿ ನೋಡಿದ್ದೀರಾ? ಒಳಗೆ ತಂಪು, ಹಿಂದೆ ಬಿಸಿ! ಒಳಗಿಟ್ಟ ಹಾಲು, ತರಕಾರಿಗಳ ಶಾಖವನ್ನು ಫ್ರಿಜ್ಜು ಹೊರಗೆ ಸಾಗಿಸುತ್ತದೆ.

ಯುರೋಪಿನ ಉತ್ತರದಲ್ಲಿರುವ ನಾರ್ವೆ ದೇಶದಲ್ಲಿ ಇದೇ ಉಪಾಯದಿಂದ ಮನೆಗಳನ್ನು ಬೆಚ್ಚಗಿಡುತ್ತಾರೆ. ಆ ಯಂತ್ರದ ಹೆಸರು ಹೀಟ್ ಪಂಪ್. ಪಂಪು ಬಾವಿಯ ನೀರನ್ನು ಮೇಲಕ್ಕೆತ್ತುವಂತೆ, ಇದು ಹೊರಗಿನ ಶಾಖವನ್ನು ಮನೆಯೊಳಗೆ ತರುತ್ತದೆ.

ಹಿಮ ಬೀಳುವಾಗ ಹೊರಗೆ ಶಾಖ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ಕೇಳಲೇಬೇಕಾದ ಪ್ರಶ್ನೆ. ನಮಗೆ ಕೊರೆಯುವ ಚಳಿ ಎನಿಸುವ ಗಾಳಿಯಲ್ಲೂ ಶಾಖ ಇದ್ದೇ ಇರುತ್ತದೆ. ಅದನ್ನು ಹೀರಲು ಆ ಗಾಳಿಗಿಂತಲೂ ತಣ್ಣಗಿರುವ ವಸ್ತು ಬೇಕು. ನಮ್ಮ ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ! ಕೆಲವು ಹೀಟ್ ಪಂಪುಗಳ ಕೊಳವೆಗಳಲ್ಲಿ ಹರಿಯುವುದು ಇದೇ. ಹೊರಗಿನ ಶಾಖವನ್ನು ಹೀರಿ ಈ ದ್ರವ ಆವಿಯಾಗುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುತ್ತದಲ್ಲವೇ? ಹಾಗೆಯೇ ಯಂತ್ರವು ಆವಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿಯನ್ನು ಮನೆಗೆ ಕೊಟ್ಟು ಆವಿ ಪುನಃ ದ್ರವವಾಗುತ್ತದೆ. ಒತ್ತಡ ಇಳಿದೊಡನೆ ತಣ್ಣಗಾಗಿ ಹೊರಗೆ ಹರಿಯುತ್ತದೆ.

ಹಾಗಾದರೆ ಯಾವ ಪಂಪು ಕೊಳ್ಳಬೇಕು? ಕಡಲತೀರದ ಬೆರ್ಗೆನ್ ನಗರದಲ್ಲಿ ಚಳಿಗಾಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಳನಾಡಿನ ರೋರೋಸ್ ಎಂಬ ಊರಿನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. ಬೆರ್ಗೆನ್ನಿಗೆ ಸಾಕಾಗುವ ಪಂಪು ರೋರೋಸಿಗೆ ಸಾಲದು. ಹೊರಗೆ 7 ಡಿಗ್ರಿ ಇರುವಾಗ ಒಂದು ಪಾಲು ವಿದ್ಯುತ್ತಿಗೆ ಸುಮಾರು ನಾಲ್ಕು ಪಾಲು ಶಾಖ ಕೊಡುವ ಯಂತ್ರ, ಸೊನ್ನೆಗಿಂತ 15 ಡಿಗ್ರಿ ಕೆಳಗೆ ಎರಡು ಪಾಲಷ್ಟೇ ಕೊಡಬಹುದು. ಶಾಖ ಹೆಚ್ಚು ಬೇಕಾದ ದಿನವೇ ಅದಕ್ಕೆ ಶಕ್ತಿ ಕಡಿಮೆ! ಆ ದಿನ ಮನೆ ತಣ್ಣಗಾದರೆ ನಲ್ಲಿಯ ಕೊಳವೆಯೊಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕೊಳವೆಯೇ ಒಡೆಯಬಹುದು. ಆದುದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. ನಮ್ಮೂರಿನ ಅತಿ ಚಳಿಯ ದಿನ ಇದು ಎಷ್ಟು ಶಾಖ ಕೊಡುತ್ತದೆ ಎಂದೇ ಕೇಳಬೇಕು. ಅಲ್ಲಿನ ಅನೇಕ ಮನೆಗಳಲ್ಲಿ ಸೌದೆ ಒಲೆಯನ್ನೂ ಉಳಿಸಿಕೊಂಡಿದ್ದಾರೆ. ಅದು ಜಾಣತನವೇ ಸರಿ.

ನೂರು ಮೀಟರಿಗೂ ಆಳಕ್ಕೆ ಕೊರೆದು ನೆಲದೊಳಗಿನ ಶಾಖವನ್ನು ತರುವ ಪಂಪುಗಳೂ ಇವೆ. ಮೇಲೆ ಎಷ್ಟೇ ಚಳಿ ಇದ್ದರೂ ಅಲ್ಲಿ ಅಷ್ಟು ಆಳದಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ. ಖರ್ಚು ಮಾತ್ರ ಬಹಳ.

ಗಾಳಿಯಿಂದ ಶಾಖ ಹೀರುವ ಪೆಟ್ಟಿಗೆಯನ್ನು ಹಿಮದಲ್ಲಿ ಹೂತುಹೋಗದಂತೆ ಎತ್ತರದಲ್ಲಿ ಕೂರಿಸುತ್ತಾರೆ. ಆದರೂ ಅದರ ಮೇಲೆ ಮಂಜು ಕಟ್ಟುತ್ತದೆ. ಆಗ ಯಂತ್ರ ತುಸು ಹೊತ್ತು ಹಿಮ್ಮುಖವಾಗಿ ನಡೆದು, ಮನೆಯ ಬಿಸಿಯನ್ನೇ ಕಡ ತಂದು ಆ ಮಂಜನ್ನು ಕರಗಿಸಿಕೊಂಡು ಮರಳಿ ಕೆಲಸಕ್ಕೆ ತೊಡಗುತ್ತದೆ.