ಗಟ್ಟಿಯಾಗಿ ಜಪವೋ, ಮನಸ್ಸಿನಲ್ಲಿ ಜಪವೋ?

ಕಮಲಾಪುರದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನಿತ್ಯ ನಸುಕಿನಲ್ಲಿ ಇಷ್ಟಲಿಂಗ ಪೂಜೆಯ ನಂತರ ಅವರು ‘ಓಂ ನಮಃ ಶಿವಾಯ’ ಎಂದು 108 ಸಲ ಗಟ್ಟಿಯಾಗಿ ಜಪಿಸುತ್ತಾರಂತೆ. ಪರೀಕ್ಷೆಗೆ ಓದುವ ಮೊಮ್ಮಕ್ಕಳಿಗೆ ಇದರಿಂದ ಅಡಚಣೆಯಾಗುತ್ತದೆ. ಮನಸ್ಸಿನಲ್ಲಿಯೇ ಜಪಿಸಿದರೆ ಫಲ ಕಡಿಮೆಯಾದೀತೇ ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಗೆ ಇನ್ನೊಂದು ಮಾತಿದೆ: ‘ಜಪದಿಂದ ಮನಸ್ಸು ಹಗುರಾಗಿದೆ, ಬಿ.ಪಿ. ಗುಳಿಗೆ ಬಿಟ್ಟಿದ್ದೇನೆ.’ ನಮಗೆ ಚಿಂತೆ ಹಚ್ಚಿದ್ದು ಈ ಮಾತು.

ಜಪದಲ್ಲಿ ಮೂರು ಬಗೆ

ಪಕ್ಕದವರಿಗೆ ಕೇಳುವಂತೆ ಉಚ್ಚರಿಸುವುದು ವಾಚಿಕ ಜಪ. ತುಟಿ ಅಲುಗಿದರೂ ತನಗಷ್ಟೇ ಕೇಳುವುದು ಉಪಾಂಶು. ತುಟಿ, ನಾಲಿಗೆ ಎರಡೂ ಅಲುಗದೆ ಮಾಡುವುದು ಮಾನಸ ಜಪ. ಹಿರಿಯರು ಇವುಗಳಲ್ಲಿ ಮಾನಸ ಜಪವೇ ಶ್ರೇಷ್ಠವೆಂದಿದ್ದಾರೆ. ಲಿಂಗಾಯತರ ಅಷ್ಟಾವರಣಗಳಲ್ಲಿ ಮಂತ್ರವೂ ಒಂದು. ಕಲಬುರಗಿಯಲ್ಲಿ 1422ರಲ್ಲಿ ದೇಹಬಿಟ್ಟ ಖ್ವಾಜಾ ಬಂದೇನವಾಜರು ಸೂಫಿಗಳು. ಆ ಸೂಫಿ ಪರಂಪರೆಯ ಜಿಕ್ರ್‌ನಲ್ಲಿಯೂ ದನಿಯೆತ್ತಿ ಮಾಡುವುದು, ಮೌನವಾಗಿ ಮಾಡುವುದು ಎಂಬ ಎರಡು ಕ್ರಮಗಳಿವೆ.

ದೇಹದಲ್ಲಿ ಆಗುವುದೇನು?

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ದನಿ ಹೊರಡುವುದು ಉಸಿರು ಬಿಡುವಾಗ. ಹೀಗಾಗಿ ಮಂತ್ರವನ್ನು ನಿಧಾನವಾಗಿ ಉಚ್ಚರಿಸಿದಾಗ ಉಸಿರು ಬಿಡುವ ಅವಧಿ ತಾನಾಗಿಯೇ ದೀರ್ಘವಾಗುತ್ತದೆ. ಆಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ತುಸು ತಗ್ಗಿಸುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರಿಂದ ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಮತ್ತು ಬೌದ್ಧ ಮಂತ್ರ ಎರಡನ್ನೂ ಹೇಳಿಸಿ ನೋಡಿದರು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನದಲ್ಲಿ, ಓಂಕಾರ ಹೇಳುವಾಗ ಮಿದುಳಿನಲ್ಲಿ ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತು.

ಮೌನ ಜಪದಲ್ಲಿ ದನಿಯ ಈ ಆಸರೆ ಇಲ್ಲ. ಉಸಿರು ತಾನಾಗಿ ದೀರ್ಘವಾಗದು, ಮನಸ್ಸೂ ಬೇಗ ಸಂತೆಗೆ ಹೋಗುತ್ತದೆ. ಹಾಗೆಂದು ಅದು ನಿಷ್ಫಲವಲ್ಲ. ಒಂದು ಪದವನ್ನು ಮೌನವಾಗಿ ಪುನರುಚ್ಚರಿಸಿದರೂ ದೇಹ ವಿಶ್ರಾಂತಿಗೆ ತಿರುಗುತ್ತದೆಂದು ಅಮೆರಿಕದ ಹೃದ್ರೋಗ ವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿಯೇ ವಿವರಿಸಿದ್ದಾರೆ.

ಹೀಗೆ ಮಾಡಿ

1. ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳಿ. ಮೊಣಕಾಲು ನೋವಿದ್ದವರಿಗೆ ಕುರ್ಚಿಯೂ ಆಗುತ್ತದೆ.

2. ಮೊದಲ ಐದು ನಿಮಿಷ ಮೆಲುದನಿಯಲ್ಲಿ, ಅನಂತರ ತುಟಿಯಲ್ಲಿ, ಕೊನೆಗೆ ಮನಸ್ಸಿನಲ್ಲಿ ಜಪಿಸಿ. ಮಕ್ಕಳು ಓದುವ ವೇಳೆಯಾದರೆ ಮೌನವೇ ಸಾಕು. ಉಸಿರು ಬಿಡುವಾಗಲೊಮ್ಮೆ ಮಂತ್ರವನ್ನು ನೆನೆಯಿರಿ.

3. ಉಸಿರು ಬಿಗಿಹಿಡಿಯಬೇಡಿ. ತಲೆ ತಿರುಗಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ.

4. ನಮ್ಮ ಭಾಗದ ಬೇಸಿಗೆಯಲ್ಲಿ ಗಂಟಲು ಬೇಗ ಒಣಗುತ್ತದೆ. ಆಗಾಗ ನೀರು ಗುಟುಕರಿಸಿ. ಮೂರು ವಾರವಾದರೂ ದನಿ ಒಡಕಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಗುಳಿಗೆ ಬಿಡಬೇಡಿ

ರಕ್ತದೊತ್ತಡ ಏರಿದ್ದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಮನಸ್ಸು ಹಗುರಾಯಿತೆಂದರೆ ಒತ್ತಡ ಇಳಿಯಿತೆಂದು ಅರ್ಥವಲ್ಲ, ಅದನ್ನು ಅಳೆದೇ ನೋಡಬೇಕು. ಗುಳಿಗೆಯನ್ನು ದಿಢೀರನೆ ಬಿಟ್ಟವರಿಗೆ ಲಕ್ವ, ಹೃದಯಾಘಾತ, ಮೂತ್ರಪಿಂಡದ ತೊಂದರೆಗಳ ಭಯವಿದೆ. ಜಪ ಔಷಧಕ್ಕೆ ಜೊತೆಗಾರ, ಬದಲಿಯಲ್ಲ. ಆದ್ದರಿಂದ ಆ ಹಿರಿಯರು ಇವತ್ತೇ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿಕೊಂಡು, ಗುಳಿಗೆ ಬಿಟ್ಟ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಪ್ರಮಾಣ ತಗ್ಗಿಸುವುದಿದ್ದರೆ ಅವರೇ ತಗ್ಗಿಸಲಿ.

ಒಂದು ವೇಳೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಜಪಕ್ಕೆ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿಸಿ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಕಮಲಾಪುರದಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ತಲುಪಲು ಅಷ್ಟು ಸಮಯ ಧಾರಾಳವಾಗಿ ಸಾಕು, ಮನೆಯವರು ‘ಸ್ವಲ್ಪ ಕಾದು ನೋಡೋಣ’ ಎನ್ನದಿದ್ದರೆ.

ಜಪಮಣಿ ಎಣಿಸುವ ಕೈಯೇ ದಿನದ ಗುಳಿಗೆಯನ್ನೂ ಎಣಿಸಲಿ.