ಎಳ್ಳಮಾವಾಸ್ಯೆಯಿಂದ ಪರೀಕ್ಷೆಯವರೆಗೆ: ಇಯತ್ತೆ ಹತ್ತರ ಮಕ್ಕಳ ದಿನಗಳ ಲೆಕ್ಕ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಮನೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಯಾರೂ ಊರಲ್ಲಿ ಉಳಿಯುವುದಿಲ್ಲ. ಮರಾಠಿಯಲ್ಲಿ ವೇಳಾ ಅಮಾವಾಸ್ಯೆ ಎನ್ನುವ ಈ ಹಬ್ಬದಂದು ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಹೊತ್ತು ಎಲ್ಲರೂ ಹೊಲ ಸೇರುತ್ತಾರೆ. ಹತ್ತನೆಯ ಇಯತ್ತೆಯ ಮಕ್ಕಳಿಗೂ ಅಂದು ರಜೆ. ಹಬ್ಬ ಮುಗಿದ ಮೇಲೆ ಓದಲು ಕೂಡುತ್ತೇವೆ ಎಂಬುದು ಬಹುತೇಕ ಮಕ್ಕಳ ಮಾತು. ಆ ಮಾತಿನಲ್ಲಿ ಎಷ್ಟು ದಿನಗಳಿವೆ ಎಂಬುದನ್ನು ಎಣಿಸಿ ನೋಡುವುದು ಈ ಲೇಖನದ ಉದ್ದೇಶ.

2024ರ ಎಳ್ಳಮಾವಾಸ್ಯೆ ಡಿಸೆಂಬರ್ 30ರಂದು ಬಂದಿತ್ತು. 2025ರ ಮಂಡಳಿಯ ಲಿಖಿತ ಪರೀಕ್ಷೆ ಫೆಬ್ರುವರಿ 21ರಂದು ಆರಂಭವಾಯಿತು. ನಡುವೆ 53 ದಿನಗಳಿದ್ದಂತೆ ಕಾಣುತ್ತದೆ. ಆದರೆ ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆಗಳು ಫೆಬ್ರುವರಿ 3ರಿಂದಲೇ ನಡೆದವು. ಅಡೆತಡೆಯಿಲ್ಲದ ದಿನಗಳು 34 ಮಾತ್ರ. ಅದಕ್ಕೆ ಹಿಂದಿನ ವರ್ಷ, 2024ರಲ್ಲಿ, ಪರೀಕ್ಷೆ ಮಾರ್ಚ್ 1ರಂದು ಆರಂಭವಾಗಿತ್ತು. "ಪರೀಕ್ಷೆ ಎಂದರೆ ಮಾರ್ಚ್" ಎಂಬ ಹಳೆಯ ರೂಢಿಯಲ್ಲಿಯೇ ಇರುವ ಪಾಲಕರು ಒಂದು ವಾರವನ್ನು ಹೀಗೆಯೇ ಕಳೆದುಕೊಳ್ಳುತ್ತಾರೆ.

ದಿನಗಳನ್ನು ಗಂಟೆಗಳಿಗೆ ಇಳಿಸೋಣ. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ; ಭಾನುವಾರ ನಾಲ್ಕು ಗಂಟೆ. ವಾರಕ್ಕೆ 22 ಗಂಟೆಗಳಾದವು. ಐದು ವಾರಗಳಿಗೆ 110. ಸಂಕ್ರಾಂತಿ, ಒಂದೆರಡು ಮದುವೆ, ತೊಗರಿ ರಾಶಿ, ಕರೆಂಟು ಹೋದ ಸಂಜೆಗಳು, ಇವನ್ನೆಲ್ಲ ಕಳೆದರೆ ನೂರು ಗಂಟೆ ಉಳಿದೀತು. ಬರೆಯಬೇಕಾದ ಪತ್ರಿಕೆಗಳು ಒಂಬತ್ತು. ಒಂದೊಂದಕ್ಕೆ ಹನ್ನೊಂದು ಗಂಟೆ. ಇಡೀ ಪುಸ್ತಕವನ್ನು ಹೊಸದಾಗಿ ಓದಲು ಹನ್ನೊಂದು ಗಂಟೆ ಸಾಲದು. ಒಮ್ಮೆ ಓದಿದ್ದನ್ನು ಮರಳಿ ನೋಡಲು ಸಾಕು. ಆದುದರಿಂದ ಹೊಸ ಪಾಠಗಳ ಓದು ಸೋಯಾಬಿನ್ ರಾಶಿ ಮುಗಿದು ದೀಪಾವಳಿ ರಜೆ ಬರುವ ಹೊತ್ತಿಗೇ ಮೊದಲಾಗಿರಬೇಕು.

ಈ ನೂರು ಗಂಟೆಗಳನ್ನು ಹಂಚುವಲ್ಲಿಯೇ ನಮ್ಮ ಮನೆಗಳು ಹೆಚ್ಚು ಎಡವುತ್ತವೆ ಎಂಬುದು ನಮ್ಮ ಅಭಿಪ್ರಾಯ. ಟ್ಯೂಷನ್ ಎಂದರೆ ಗಣಿತ, ವಿಜ್ಞಾನ. ಭಾಷೆಗೆ ಓದುವುದೇನಿದೆ ಎಂದು ಕೇಳುವವರೇ ಹೆಚ್ಚು. ಮಂಡಳಿಯ ಲೆಕ್ಕ ಬೇರೆಯೇ ಇದೆ. ಒಟ್ಟು 600 ಅಂಕಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಸೇರಿ 300. ಅರ್ಧದಷ್ಟು! ಶೇಕಡಾವಾರಿಗೆ ಉತ್ತಮವಾದ ಐದು ವಿಷಯಗಳನ್ನು ಮಾತ್ರ ಹಿಡಿದರೂ, ಆ ಐದರಲ್ಲಿ ಕನಿಷ್ಠ ಎರಡು ಭಾಷೆಗಳು ಇದ್ದೇ ಇರುತ್ತವೆ.

ಸಮಯದ ಒತ್ತಡವೂ ಭಾಷೆಗಳಲ್ಲಿಯೇ ಹೆಚ್ಚು. ಬೀಜಗಣಿತ, ಭೂಮಿತಿ, ವಿಜ್ಞಾನದ ಎರಡು ಭಾಗಗಳು, ಇತಿಹಾಸ, ಭೂಗೋಲ ಇವು 40 ಅಂಕಗಳ ಪತ್ರಿಕೆಗಳು. ಅವಧಿ ಎರಡು ಗಂಟೆ. ಒಂದು ಅಂಕಕ್ಕೆ ಮೂರು ನಿಮಿಷ ದೊರೆಯುತ್ತದೆ. ಭಾಷಾ ಪತ್ರಿಕೆ 80 ಅಂಕಗಳದ್ದು, ಅವಧಿ ಮೂರು ಗಂಟೆ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ ಮಾತ್ರ. ಪತ್ರಲೇಖನ, ಸಾರಾಂಶ, ಪ್ರಬಂಧಗಳಂಥ ಉದ್ದ ಬರವಣಿಗೆ ಬರುವುದೂ ಅಲ್ಲಿಯೇ. ಕೊನೆಯ ಪ್ರಶ್ನೆ ಉಳಿದುಹೋಯಿತು ಎಂದು ಮಗು ಅಳುತ್ತ ಹೊರಬಂದರೆ ಅದು ಅರಿವಿನ ಕೊರತೆಯೇ ಆಗಿರಬೇಕಿಲ್ಲ, ಬರವಣಿಗೆಯ ವೇಗದ ಕೊರತೆಯೂ ಆಗಿರಬಹುದು.

ನಮ್ಮ ಮಕ್ಕಳಿಗೆ ಈ ವೇಗ ಮೂರು ಲಿಪಿಗಳಲ್ಲಿ ಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಆಗಿನ ಮುಂಬಯಿ ರಾಜ್ಯವನ್ನು ಸೇರಿದವು. ಬೀದರ ಮೈಸೂರಿಗೆ ಹೋಯಿತು. ಗೆರೆ ಎಳೆದವರು ಶಾಲೆಯ ಚೀಲದ ಭಾರವನ್ನು ಎಣಿಸಿರಲಾರರು. ಇರಲಿ, ಅದನ್ನು ಅಳೆಯುವ ಉಪಾಯ ಸುಲಭವಾಗಿದೆ. ಗಡಿಯಾರ ಮುಂದಿಟ್ಟು ಪಠ್ಯದ ಒಂದು ಭಾಗವನ್ನು ಹತ್ತು ನಿಮಿಷ ಬರೆಯಿಸಿರಿ: ಒಂದು ದಿನ ಕನ್ನಡ, ಮರುದಿನ ಮರಾಠಿ, ಮೂರನೆಯ ದಿನ ಇಂಗ್ಲಿಷ್. ಸಾಲುಗಳನ್ನು ಎಣಿಸಿ ಬರೆದಿಡಿರಿ. ಯಾವ ಲಿಪಿಯಲ್ಲಿ ಕೈ ಹಿಂದೆ ಬೀಳುತ್ತದೆಯೋ ಅದಕ್ಕೆ ದಿನಕ್ಕೆ ಹದಿನೈದು ನಿಮಿಷ ಹೆಚ್ಚು ಕೊಡಿರಿ. ಓದಲು ಬಾರದ ಅಜ್ಜಿಯೂ ಗಡಿಯಾರ ನೋಡಿ "ಸಾಕು, ನಿಲ್ಲಿಸು" ಎನ್ನಬಲ್ಲಳು.

ಓದುವ ಬಗೆಯ ಕುರಿತು ಹೇಳುವಾಗ ನಮ್ಮ ಪಕ್ಕದ ಲಾತೂರನ್ನು ಬಿಡುವಂತಿಲ್ಲ. ರಾಜರ್ಷಿ ಶಾಹು ಮತ್ತು ದಯಾನಂದ ಕಾಲೇಜುಗಳ ಹೆಸರಿನೊಂದಿಗೆ ಬೆಳೆದ "ಲಾತೂರ್ ಪ್ಯಾಟರ್ನ್" ಮಹಾರಾಷ್ಟ್ರದಾದ್ಯಂತ ಪ್ರಸಿದ್ಧ. ಪಾಲಕರು ಅದನ್ನು ಹದಿನಾರು ಗಂಟೆಗಳ ಓದು ಎಂದು ತಿಳಿದು, ಮಗುವನ್ನು ರಾತ್ರಿ ಹನ್ನೆರಡರವರೆಗೆ ಕೂಡಿಸುತ್ತಾರೆ. ಆ ಪದ್ಧತಿಯ ತಿರುಳು ಗಂಟೆಗಳಲ್ಲಿ ಇಲ್ಲ, ಮತ್ತೆ ಮತ್ತೆ ನಡೆಯುವ ಪರೀಕ್ಷೆಗಳಲ್ಲಿ ಮತ್ತು ತಪ್ಪಿದ ಉತ್ತರಗಳನ್ನು ಮರಳಿ ಬಿಡಿಸುವುದರಲ್ಲಿ ಇದೆ.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಅಮೆರಿಕೆಯ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ, ನೆನಪಾದುದನ್ನು ಬರೆಯಿತು. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಾದರು. ಗಟ್ಟಿಯಾಗಿ ನಾಲ್ಕು ಸಲ ಓದಿದ ಮಗುವಿಗೆ ಎಲ್ಲ ಬಂದಂತೆ ಅನಿಸುತ್ತದೆ, ಕೇಳುವ ತಂದೆಗೂ ಹಾಗೆಯೇ ಅನಿಸುತ್ತದೆ. ಪರೀಕ್ಷೆ ಮಾತ್ರ ಐದು ನಿಮಿಷಗಳ ನಂತರ ಬರುವುದಿಲ್ಲ.

ಇದಕ್ಕೆ ಲಾತೂರಿನ ಫೀ ಬೇಕಿಲ್ಲ. ಸಂಜೆಯ ಎರಡು ಗಂಟೆಗಳಲ್ಲಿ ಕೊನೆಯ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿರಲಿ. ಓದಿದ್ದನ್ನು ಹಳೆಯ ವಹಿಯ ಖಾಲಿ ಪುಟದಲ್ಲಿ ಬರೆಯಲಿ. ಮೂರನೆಯ ದಿನ ಅದನ್ನೇ ಮತ್ತೊಮ್ಮೆ, ಭಾನುವಾರ ಇನ್ನೊಮ್ಮೆ. ಭಾನುವಾರದ ನಾಲ್ಕು ಗಂಟೆಗಳಲ್ಲಿ ಒಂದು ಹಳೆಯ ಪ್ರಶ್ನಪತ್ರಿಕೆಯನ್ನು ಪೂರ್ಣ ಅವಧಿಗೆ, ಸಾಧ್ಯವಾದರೆ ಪರೀಕ್ಷೆಯ ವೇಳೆಯಾದ ಹನ್ನೊಂದು ಗಂಟೆಗೇ ಕುಳಿತು ಬರೆಯಲಿ. ಕನ್ನಡ ಮಾಧ್ಯಮದ ಪತ್ರಿಕೆಗಳು ಅಂಗಡಿಯಲ್ಲಿ ಸಿಗದಿದ್ದರೆ ಶಾಲೆಯ ಗುರುಗಳನ್ನು ಕೇಳಿ ಝೆರಾಕ್ಸ್ ಮಾಡಿಸಿಕೊಳ್ಳಿರಿ. ಮೂರು ನಾಲ್ಕು ಮನೆಗಳು ಸೇರಿದರೆ ಖರ್ಚೂ ಹಗುರ. ನಿದ್ದೆಯ ಗಂಟೆಗಳನ್ನು ಮಾತ್ರ ಕತ್ತರಿಸಬೇಡಿರಿ.

ಇನ್ನೊಂದು ಕೆಲಸಕ್ಕೆ ದಿನಕ್ಕೆ ಹತ್ತೇ ನಿಮಿಷ ಸಾಕು, ಆದರೆ ಅದು ಜೂನ್‌ನಲ್ಲಿಯೇ ಆರಂಭವಾಗಬೇಕು. ಹನ್ನೊಂದನೆಯ ಇಯತ್ತೆಯಲ್ಲಿ ವಿಜ್ಞಾನ ಹಿಡಿಯುವ ಮಗುವಿಗೆ ಕನ್ನಡದ ಪದಗಳು ಒಮ್ಮೆಲೇ ಇಂಗ್ಲಿಷ್ ಆಗಿಬಿಡುತ್ತವೆ. ಒಂದು ವಹಿಯಲ್ಲಿ ಮೂರು ಅಂಕಣಗಳನ್ನು ಹಾಕಿ, ದಿನಕ್ಕೆ ಐದು ಪದ ಬರೆಯಲಿ. ಕನ್ನಡದ ಗುರುತ್ವಾಕರ್ಷಣೆ ಮರಾಠಿಯಲ್ಲಿ ಗುರುತ್ವಾಕರ್ಷಣ, ಇಂಗ್ಲಿಷಿನಲ್ಲಿ ಗ್ರ್ಯಾವಿಟೇಶನ್. ಕನ್ನಡದ ದ್ಯುತಿಸಂಶ್ಲೇಷಣೆ ಮರಾಠಿಯಲ್ಲಿ ಪ್ರಕಾಶಸಂಶ್ಲೇಷಣ, ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಮರಾಠಿಯ ಅಂಕಣ ಹಗುರವೆಂದು ಮಗುವಿಗೆ ಒಂದೇ ವಾರದಲ್ಲಿ ತಿಳಿಯುತ್ತದೆ, ಅನೇಕ ಪದಗಳು ಎರಡೂ ಕಡೆ ಸಂಸ್ಕೃತದಿಂದಲೇ ಬಂದಿವೆ. ಶ್ರಮವೆಲ್ಲ ಮೂರನೆಯ ಅಂಕಣಕ್ಕೆ.

ವೈದ್ಯಕೀಯದ ಆಸೆ ಇರುವ ಮನೆಗಳು ಗಮನಿಸಬೇಕಾದುದು ಒಂದಿದೆ. ನೀಟ್ ಪರೀಕ್ಷೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಆದರೆ ಆ ಪ್ರಶ್ನಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ. ಲಾತೂರಿನ ಕೇಂದ್ರದಲ್ಲಿ ಕೂಡುವ ನಮ್ಮ ಮಗುವಿಗೆ ಇಂಗ್ಲಿಷ್, ಹಿಂದಿ ಅಥವಾ ಮರಾಠಿ. ಭಾಷೆಯನ್ನು ಅರ್ಜಿ ತುಂಬುವ ದಿನ ಅವಸರದಲ್ಲಿ ಆರಿಸಿಕೊಂಡರೆ ಎರಡು ವರ್ಷದ ಓದು ಒಂದು ಭಾಷೆಯಲ್ಲಿ, ಪರೀಕ್ಷೆ ಇನ್ನೊಂದರಲ್ಲಿ ಆಗುತ್ತದೆ. ಹತ್ತರ ಫಲಿತಾಂಶ ಬಂದು ಹನ್ನೊಂದರ ಪ್ರವೇಶ ಪಡೆಯುವ ನಡುವಿನ ವಾರಗಳಲ್ಲಿ ಮನೆಯವರೆಲ್ಲ ಕುಳಿತು ಇದನ್ನು ತೀರ್ಮಾನಿಸಬೇಕು. ಆ ಹೊತ್ತಿಗೆ ಮೂರು ಅಂಕಣಗಳ ವಹಿ ತುಂಬಿದ್ದರೆ ಮಗುವೇ ಉತ್ತರ ಹೇಳುತ್ತದೆ.